ಒರಳುಕಲ್ಲಿನ ದಿಬ್ಬಕ್ಕೆ ತೇಪೆ ಹಾಕಿದ ದೋಣಿ

ಗಾಳಿ ತುಂಬುವ ದೋಣಿಗೆ ತೂತು ಬಿದ್ದರೆ ಸಿನಿಮಾದಲ್ಲಿ ತೋರಿಸುವ ಹಾಗೆ ಢಂ ಅನ್ನುವುದಿಲ್ಲ. ಕುಕ್ಕರ್ ವಿಸಿಲ್ ಹಾಕುವ ಮೊದಲು ಒಂದು ಸುಯ್ ಸದ್ದು ಬರುತ್ತದಲ್ಲ, ಅಷ್ಟೇ. ನನಗೆ ಅದು ಕೇಳಿಸಿದಾಗ ದಡದಿಂದ ಮೂವತ್ತು ಅಡಿ ದೂರ ಇದ್ದೆ. ದಡದಲ್ಲಿ ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಲೈಫ್ ಜಾಕೆಟ್ ತೊಡೆಯ ಮೇಲಿಟ್ಟುಕೊಂಡು ತಮ್ಮ ಸರದಿಗೆ ಕಾಯುತ್ತಿದ್ದರು.

ಮಾವ ಅಂದರೆ ಅಮ್ಮನ ಅಣ್ಣ. ಮನೆ ಸಾಗರದಿಂದ ಆವಿನಹಳ್ಳಿ ಮೇಲೆ ಹೊಳೆಬಾಗಿಲಿಗೆ ಹೋಗುವ ದಾರಿಯಲ್ಲಿ. ಸಿಗಂದೂರಿಗೆ ಹೋದವರಿಗೆಲ್ಲ ಈ ರಸ್ತೆ ಗೊತ್ತು. ಆಗಿನ್ನೂ ಹೊಸ ಸೇತುವೆ ಆಗಿರಲಿಲ್ಲ, ಅದು ಉದ್ಘಾಟನೆ ಆಗಿದ್ದು 2025ರ ಜುಲೈನಲ್ಲಿ. ನಾನು ಹೇಳುತ್ತಿರುವುದು 2024ರ ಬೇಸಿಗೆಯ ಮಾತು. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು, ಲಿಂಗನಮಕ್ಕಿಯ ನೀರು ತೀರಾ ಕೆಳಗೆ ಹೋಗಿತ್ತು. ಹೀಗೆ ನೀರು ಇಳಿದಾಗ ಶರಾವತಿ ಹಿನ್ನೀರಿನ ಪ್ರದೇಶ ಬೇರೆಯದೇ ಊರು. ಮಳೆಗಾಲದಲ್ಲಿ ಸಮುದ್ರದ ಹಾಗೆ ಕಾಣುವ ಜಾಗದಲ್ಲಿ ಕೆಂಪು ಮಣ್ಣಿನ ದಿಬ್ಬಗಳು, ಹಳೇ ರಸ್ತೆಯ ಗುರುತು, ಅರವತ್ತು ವರ್ಷದಿಂದ ನೀರಲ್ಲೇ ನಿಂತ ಮರದ ಬೊಡ್ಡೆಗಳು. ನೀರು ಇನ್ನೂ ಕೆಳಗೆ ಹೋದರೆ, ಲಿಂಗನಮಕ್ಕಿಗಿಂತ ಮೊದಲು 1940ರ ದಶಕದಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟೇ ತಲೆ ಎತ್ತುತ್ತದೆ. ಒಂದು ಅಣೆಕಟ್ಟು ಇನ್ನೊಂದು ಅಣೆಕಟ್ಟಿನ ನೀರಲ್ಲಿ ಮುಳುಗಿರುವ ಜಾಗ ಅದು.

ಲಿಂಗನಮಕ್ಕಿ ಕಟ್ಟಿ ಮುಗಿದದ್ದು 1964ರಲ್ಲಿ. ಆಗ ಮಾವನಿಗೆ ಎಂಟು ವರ್ಷ. ಮನೆಯ ಬಾಗಿಲು, ಕಿಟಕಿ, ಹಂಚು ಎಲ್ಲ ಬಿಚ್ಚಿ ಗಾಡಿಗೆ ಹೇರಿದರಂತೆ. ಅಡಿಗೆಮನೆಯ ನೆಲದಲ್ಲಿ ಹೂತಿದ್ದ ಒರಳುಕಲ್ಲನ್ನು ಮಾತ್ರ ಬಿಟ್ಟು ಬಂದರು. ಗಾಡಿಯಲ್ಲಿ ಜಾಗ ಇರಲಿಲ್ಲ. ‘ಆಮೇಲೆ ತಂದರಾಯ್ತು’ ಅಂದಿದ್ದರಂತೆ ಅಜ್ಜ. ಆ ಆಮೇಲೆ ಬರುವ ಮೊದಲೇ ನೀರು ಬಂತು. ಆ ಬೇಸಿಗೆಯಲ್ಲಿ ಮೀನು ಹಿಡಿಯುವ ತೆಪ್ಪದವರೊಬ್ಬರು ಬಂದು, ನಿಮ್ಮ ಹಳೇ ಮನೆಯ ದಿಬ್ಬ ಎದ್ದಿದೆ, ಜಂಬಿಟ್ಟಿಗೆ ಗೋಡೆಯ ಬುಡ ಕಾಣುತ್ತಿದೆ ಅಂತ ಹೇಳಿದ್ದರು. ಮಾವ ನನಗೆ ಫೋನ್ ಮಾಡಿದ್ದು ಅವತ್ತೇ ರಾತ್ರಿ.

ತೆಪ್ಪದಲ್ಲೇ ಹೋಗಬಹುದಿತ್ತಲ್ಲ ಅಂತ ನೀವು ಕೇಳುತ್ತೀರಿ. ಮಾವನ ಎರಡೂ ಮಂಡಿ ಹೋಗಿವೆ. ತೆಪ್ಪದಲ್ಲಿ ಕುಕ್ಕರುಗಾಲಲ್ಲೋ ಮಂಡಿಯೂರಿಯೋ ಕೂರಬೇಕು, ಅವರಿಂದ ಆಗುವುದಿಲ್ಲ. ನನ್ನ ಹತ್ತಿರ ಇದ್ದ ಗಾಳಿ ತುಂಬುವ ಕಯಾಕ್‌ನಲ್ಲಿ ಒರಗು ಸೀಟಿದೆ, ಕಾಲು ನೀಡಿ ಕೂರಬಹುದು. ಆಫೀಸಿನ ಸಹೋದ್ಯೋಗಿಯೊಬ್ಬರು ವಿದೇಶಕ್ಕೆ ಹೊರಡುವಾಗ ಹನ್ನೊಂದು ಸಾವಿರಕ್ಕೆ ಕೊಟ್ಟು ಹೋಗಿದ್ದ ಇಬ್ಬರು ಕೂರುವ ದೋಣಿ. ಮಡಿಚಿ ಚೀಲಕ್ಕೆ ಹಾಕಿದರೆ ಹದಿನೈದು ಕೆಜಿ. ಏಪ್ರಿಲ್ 26ರ ಶುಕ್ರವಾರ ಬೆಂಗಳೂರಿನಲ್ಲಿ ಓಟು ಹಾಕಿ, ರಾತ್ರಿ ತಾಳಗುಪ್ಪ ರೈಲಿಗೆ ಚೀಲ ಎತ್ತಿ ಹಾಕಿ ಹೊರಟಿದ್ದೆ. ಹಿನ್ನೀರು ಅಂದ ಮಾತ್ರಕ್ಕೆ ಎಲ್ಲಿ ಬೇಕಾದರೂ ದೋಣಿ ಇಳಿಸುವ ಹಾಗಿಲ್ಲ, ಒಂದಷ್ಟು ಭಾಗ ಅಭಯಾರಣ್ಯಕ್ಕೆ ಸೇರಿದೆ. ಕೇಳಬೇಕಾದವರನ್ನೆಲ್ಲ ಮಾವ ಮೊದಲೇ ಕೇಳಿಟ್ಟಿದ್ದರು.

ಅವರನ್ನು ಕೂರಿಸುವ ಮೊದಲು ಒಬ್ಬನೇ ಒಂದು ಸುತ್ತು ಹೋಗಿ ನೋಡೋಣ ಅಂತ ಇಳಿದಿದ್ದೇ ಒಳ್ಳೆಯದಾಯ್ತು. ನೀರಿನ ಮಟ್ಟಕ್ಕಿಂತ ಎರಡೇ ಬೆರಳು ಕೆಳಗಿದ್ದ ಬೊಡ್ಡೆಯ ಚೂಪು ಎಡಬದಿಗೆ ಕಚ್ಚಿತು. ದೋಣಿಯಲ್ಲಿ ಎಡ, ಬಲ, ತಳ ಅಂತ ಮೂರು ಬೇರೆ ಬೇರೆ ಗಾಳಿ ಕೋಣೆಗಳು. ಹಾಗಾಗಿ ಮುಳುಗಲಿಲ್ಲ, ವಾಲಿಕೊಂಡೇ ದಡ ಸೇರಿದೆ. ನೋಡಿದರೆ ನಾಲ್ಕು ಸೆಂಟಿಮೀಟರ್ ಹರಿದಿತ್ತು. ಮಾವ ಏನೂ ಹೇಳಲಿಲ್ಲ. ಲೈಫ್ ಜಾಕೆಟನ್ನು ಮಡಿಚಲು ನೋಡಿದರು, ಅದು ಮಡಿಚುವ ವಸ್ತು ಅಲ್ಲ.

ದೋಣಿಯ ಜೊತೆ ರಿಪೇರಿ ಕಿಟ್ ಇತ್ತು. ಬೂದು ಬಣ್ಣದ ಎರಡು ತುಂಡು ಬಟ್ಟೆ, ಒಂದು ಪುಟ್ಟ ಅಂಟಿನ ಟ್ಯೂಬು. ಟ್ಯೂಬನ್ನು ಒತ್ತಿದರೆ ಒಳಗೆ ಕಲ್ಲು. ಇದು ನನಗೊಬ್ಬನಿಗೆ ಆದ ಕಥೆ ಅಲ್ಲ. ದ್ರಾವಕ ಆರಿಹೋಗುವ ಅಂಟು ಯಾವುದೇ ಆದರೂ ವರ್ಷಗಟ್ಟಲೆ ಚೀಲದಲ್ಲಿ ಬಿದ್ದಿದ್ದರೆ ಹೀಗೇ. ನಿಮ್ಮ ಹತ್ತಿರ ಇಂಥ ದೋಣಿಯೋ ಗಾಳಿಯ ಹಾಸಿಗೆಯೋ ಇದ್ದರೆ ಈಗಲೇ ಹೋಗಿ ಆ ಟ್ಯೂಬನ್ನು ಒಮ್ಮೆ ಒತ್ತಿ ನೋಡಿ.

ಭಾನುವಾರ ಬೆಳಿಗ್ಗೆ ಸಾಗರದಲ್ಲಿ ತೆರೆದಿದ್ದ ಸೈಕಲ್ ಅಂಗಡಿಯೊಂದಕ್ಕೆ ದೋಣಿ ಹೊತ್ತುಕೊಂಡು ಹೋದೆ. ಅಂಗಡಿಯವರು ಪ್ರಾಮಾಣಿಕರು. ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡಿ, “ಇದು ಟ್ಯೂಬ್ ರಬ್ಬರಲ್ಲ ಸಾರ್, ಸಲ್ಯೂಷನ್ ಹಿಡಿಯೋದು ಗ್ಯಾರಂಟಿ ಇಲ್ಲ” ಅಂದರು. ನಾನೇ ಒತ್ತಾಯ ಮಾಡಿ ಹಾಕಿಸಿಕೊಂಡೆ. ಮೂವತ್ತು ರೂಪಾಯಿ. ಮಾವನ ಮನೆಯ ಜಗಲಿಯಲ್ಲಿ ಗಾಳಿ ತುಂಬಿ ಕಾಫಿ ಕುಡಿಯುತ್ತಾ ಕೂತಿದ್ದಾಗ ತೇಪೆಯ ಅಂಚು ಮೆಲ್ಲಗೆ ಎದ್ದಿತು. ಬಿಸಿಲಿಗೆ ಸುಟ್ಟ ಚರ್ಮ ಸುಲಿಯುವ ಹಾಗೆ, ಇಡೀ ತೇಪೆ ಒಂದೇ ತುಂಡಾಗಿ ಕೈಗೆ ಬಂತು.

“ಎಂತಕ್ಕೆ ಹಿಡೀಲಿಲ್ಲ ಅದು?” ಮಾವ ಕೇಳಿದರು.

ಆ ಪ್ರಶ್ನೆಗೆ ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ಕೆಮಿಸ್ಟ್ರಿ ಪಾಸಾಗಿದ್ದೆ, ಅಷ್ಟೇ. ರಾತ್ರಿ ರೈಲಿನಲ್ಲಿ ಮೇಲಿನ ಬರ್ತ್‌ನಲ್ಲಿ ಮಲಗಿ ಫೋನಿನಲ್ಲಿ ಓದುತ್ತಾ ಓದುತ್ತಾ ತಿಳಿದದ್ದು ಇದು.

ಪಂಕ್ಚರ್ ಸಲ್ಯೂಷನ್ ಅಂದರೆ ದ್ರಾವಕದಲ್ಲಿ ಕರಗಿಸಿದ ರಬ್ಬರು. ಅದು ರಬ್ಬರಿನ ಟ್ಯೂಬಿನೊಂದಿಗೆ ಬೆರೆತು ಒಂದಾಗುತ್ತದೆ. ನನ್ನ ದೋಣಿಯ ಬಟ್ಟೆ ರಬ್ಬರೇ ಅಲ್ಲ. ನಡುವೆ ಪಾಲಿಯೆಸ್ಟರ್ ನೇಯ್ಗೆ, ಎರಡೂ ಬದಿಗೆ ಪಿವಿಸಿ ಲೇಪ. ಪಿವಿಸಿ ಹುಟ್ಟುಗುಣದಲ್ಲಿ ಗಟ್ಟಿ, ಮನೆಯ ನಲ್ಲಿಯ ಪೈಪು ಇದೆಯಲ್ಲ, ಅದೇ. ಅದನ್ನು ಬಟ್ಟೆಯ ಹಾಗೆ ಮಡಿಚುವಂತೆ ಮಾಡಲು ಪ್ಲಾಸ್ಟಿಸೈಜರ್ ಅನ್ನುವ ಎಣ್ಣೆಯಂಥ ದ್ರವ ಬೆರೆಸುತ್ತಾರೆ. ಈ ಎಣ್ಣೆ ಒಳಗೆ ಸುಮ್ಮನೆ ಕೂರುವುದಿಲ್ಲ, ನಿಧಾನಕ್ಕೆ ಮೇಲ್ಮೈಗೆ ಬರುತ್ತದೆ, ಪಕ್ಕದ ಅಂಟಿಗೂ ಇಳಿಯುತ್ತದೆ. ರಬ್ಬರ್ ಆಧಾರದ ಅನೇಕ ಅಂಟುಗಳು ಈ ಎಣ್ಣೆ ಕುಡಿದು ಮೆತ್ತಗಾಗಿಬಿಡುತ್ತವೆ. ಕಾಯಿಕಡುಬಿನ ಅಂಚಿಗೆ ಎಣ್ಣೆ ತಾಗಿದರೆ ಎಷ್ಟು ಒತ್ತಿದರೂ ಕೂಡುವುದಿಲ್ಲ ಅಂತ ಅಮ್ಮ ಹೇಳುತ್ತಾಳಲ್ಲ, ಆ ತರಹ.

ಎಲ್ಲ ದೋಣಿಯೂ ಪಿವಿಸಿ ಅಲ್ಲ. ದುಬಾರಿ ದೋಣಿಗಳಲ್ಲಿ, ಕೆಲವು ರಾಫ್ಟ್‌ಗಳಲ್ಲಿ ಹೈಪಲಾನ್ ಅನ್ನುವ ಕೃತಕ ರಬ್ಬರಿನ ಲೇಪ ಇರುತ್ತದೆ. ಅದಕ್ಕೆ ನಿಯೊಪ್ರೀನ್ ಆಧಾರದ ಎರಡು ಭಾಗದ ಅಂಟು ಬೇಕು, ಅಂಟಿಸುವ ಮೊದಲು ಉಪ್ಪುಕಾಗದದಲ್ಲಿ ಉಜ್ಜಬೇಕು. ಪಿವಿಸಿಗೆ ಹಿಡಿಯುವುದು ಪಾಲಿಯುರೆಥೇನ್ ಅಂಟು, ಅಂದರೆ ಪಿಯು. ನಿಮ್ಮದು ಯಾವುದು ಅಂತ ನೋಡಲು ಕಣ್ಣಿಗೆ ಕಾಣದ ಮೂಲೆಯಲ್ಲಿ, ಹತ್ತಿಯಿಂದ ಒಂದು ಹನಿ ಅಸಿಟೋನ್ ಹಚ್ಚಿ. ಪಿವಿಸಿ ಆದರೆ ಆ ಜಾಗ ಬೆರಳಿಗೆ ಅಂಟಂಟಾಗಿ ಹೊಳೆಯುತ್ತದೆ. ಹೈಪಲಾನ್‌ಗೆ ಹೆಚ್ಚೇನೂ ಆಗುವುದಿಲ್ಲ. ನನ್ನದು ಅಂಟಂಟಾಯಿತು.

ಇಷ್ಟು ಗೊತ್ತಾದ ಮೇಲೆ ಕೊಳ್ಳುವುದು ಸುಲಭ ಅಂದುಕೊಂಡೆ. ದೋಣಿಗೆಂದೇ ಮಾಡಿದ, ಹೊರದೇಶದಿಂದ ಬರುವ ಎರಡು ಭಾಗದ ಪಿಯು ಕಿಟ್‌ಗೆ ಆನ್‌ಲೈನಿನಲ್ಲಿ ಮೂರು ಸಾವಿರದ ಮೇಲೆ ಹೇಳಿದರು, ಬರಲು ಇಪ್ಪತ್ತು ದಿನ. ನನಗೆ ದುಡ್ಡಿಗಿಂತ ದಿನದ ಲೆಕ್ಕ ದೊಡ್ಡದಿತ್ತು. ಜೂನ್ ಮೊದಲ ವಾರ ಮಲೆನಾಡಿಗೆ ಮಳೆ ಹಿಡಿದರೆ ಹೊಳೆ ಏರುತ್ತದೆ, ದಿಬ್ಬ ಮತ್ತೆ ಒಳಗೆ. ಮುಂದಿನ ಬಾರಿ ನೀರು ಇಷ್ಟು ಇಳಿಯುವುದು ಯಾವ ವರ್ಷವೋ. ಮಾವನಿಗೆ ಅರವತ್ತೆಂಟು.

ಆಗ ತಲೆಗೆ ಬಂದದ್ದು ಚಪ್ಪಲಿ. ಈಗಿನ ಶೂಗಳ ಅಟ್ಟೆಯಲ್ಲಿ ಪಿವಿಸಿ, ಪಿಯು ಬಹಳ. ಅದನ್ನು ಅಂಟಿಸಲು ಶೂ ಮಾಡುವವರು ಬಳಸುವುದೂ ಪಾಲಿಯುರೆಥೇನ್ ಅಂಟೇ. ದೋಣಿಗೆ ಬೇಕಾದ ಅಂಟು ದೋಣಿ ಅಂಗಡಿಯಲ್ಲೇ ಇರಬೇಕು ಅಂತ ಯಾಕೆ? ಮೇ ಒಂದನೇ ತಾರೀಖು ರಜೆ. ಚಿಕ್ಕಪೇಟೆ ಕಡೆಯ ಗಲ್ಲಿಯೊಂದರಲ್ಲಿ ಚಪ್ಪಲಿ ತಯಾರಿಸುವವರಿಗೆ ಸಾಮಾನು ಮಾರುವ ಪುಟ್ಟ ಅಂಗಡಿ ತೆರೆದಿತ್ತು. ಮುಂದೆ ಹೀಲ್‌ಗಳ ರಾಶಿ, ಗೋಡೆಗೆ ರೆಕ್ಸಿನ್ ಸುರುಳಿಗಳು. ಪಿಯು ಅಂಟು ಅಂದೆ. ಅಂಗಡಿಯವರು ತಲೆ ಎತ್ತದೆ ಕೇಳಿದ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು: “ಹಾರ್ಡನರ್ ಬೇಕಾ, ಬೇಡ್ವಾ?”

ಅಷ್ಟರಲ್ಲಿ ಓದಿಕೊಂಡಿದ್ದೆ. ಬರಿ ಪಿಯು ಅಂಟು ಒಣಗಿದ ಮೇಲೂ ಶಾಖಕ್ಕೆ ಮತ್ತೆ ಮೆತ್ತಗಾಗುತ್ತದೆ. ಬಿಸಿಲಲ್ಲಿ ಕಾದ ದೋಣಿಯ ಮೇಲೆ ಅದು ತೇಪೆಯನ್ನು ಮೆಲ್ಲಗೆ ಜಾರಲು ಬಿಡುತ್ತದೆ. ಐಸೊಸಯನೇಟ್ ಅನ್ನುವ ಹಾರ್ಡನರ್ ಬೆರೆಸಿದರೆ ಅಂಟಿನ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬಲೆಯಾಗುತ್ತವೆ, ಆಮೇಲೆ ಶಾಖಕ್ಕೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಬೇಕು ಅಂದೆ. ಸಣ್ಣ ಡಬ್ಬಿ ಅಂಟು ನೂರೈವತ್ತು, ಬೆರಳುದ್ದದ ಹಾರ್ಡನರ್ ಸೀಸೆ ಎಂಬತ್ತು. “ಸೀಸೆ ಮುಚ್ಚಳ ತೆಗೆದು ಇಡಬೇಡಿ, ಗಾಳಿಯ ತೇವ ಕುಡಿದು ಕಲ್ಲಾಗುತ್ತೆ” ಅಂದರು.

ಆದರೂ ಮನಸ್ಸು ಒಪ್ಪಲಿಲ್ಲ. ಚಪ್ಪಲಿ ಬಿಟ್ಟುಕೊಂಡರೆ ಬರಿಗಾಲಲ್ಲಿ ನಡೆಯಬಹುದು, ನೀರಿನ ನಡುವೆ ತೇಪೆ ಬಿಟ್ಟುಕೊಂಡರೆ? ಅದೂ ಮಂಡಿ ಇಲ್ಲದ ಮಾವ ಕೂತಿರುವಾಗ. ನಮ್ಮ ಕೆಲಸದಲ್ಲಿ ಟೆಸ್ಟ್ ಮಾಡದೆ ಕೋಡ್ ಮುಂದೆ ಹೋಗುವುದಿಲ್ಲ. ಅಂಟಿಗೂ ಅದೇ ನ್ಯಾಯ ಇರಲಿ ಅಂತ ಕಿಟ್‌ನಲ್ಲಿದ್ದ ಎರಡು ತುಂಡುಗಳಲ್ಲಿ ಒಂದನ್ನು ಒಂದು ಇಂಚಿನ ಪಟ್ಟಿಗಳಾಗಿ ಕತ್ತರಿಸಿದೆ. ಮನೆಯಲ್ಲಿ ಮತ್ತು ಬೀದಿಯಲ್ಲಿ ಸಿಕ್ಕ ಅಂಟುಗಳನ್ನೆಲ್ಲ ತಂದೆ. ಐದು ರೂಪಾಯಿಯ ದಿಢೀರ್ ಅಂಟು, ಪಂಕ್ಚರ್ ಸಲ್ಯೂಷನ್, ಪಿವಿಸಿ ಪೈಪಿನ ಸಿಮೆಂಟ್, ಬಡಗಿಗಳು ಸನ್ಮೈಕಾಕ್ಕೆ ಬಳಿಯುವ ಹಳದಿ ರಬ್ಬರ್ ಅಂಟು, ಹಾರ್ಡನರ್ ಇಲ್ಲದ ಪಿಯು, ಹಾರ್ಡನರ್ ಇರುವ ಪಿಯು. ಎರಡೆರಡು ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು, ಟೆರೇಸಿನ ಬಟ್ಟೆ ಹಗ್ಗಕ್ಕೆ ಒಂದು ಪಟ್ಟಿಯ ತುದಿ ಕಟ್ಟಿ, ಇನ್ನೊಂದರ ತುದಿಗೆ ಒಂದು ಲೀಟರ್ ನೀರಿನ ಬಾಟಲಿ ತೂಗುಬಿಟ್ಟೆ. ಅಂಟನ್ನು ಉದ್ದಕ್ಕೆ ಎಳೆದು ನೋಡಬಾರದು, ಹಾಗೆ ಎಳೆದರೆ ಕೆಟ್ಟ ಅಂಟೂ ಗಟ್ಟಿ ಅನಿಸುತ್ತದೆ. ಅಂಚಿನಿಂದ ಸುಲಿಯುವ ಹಾಗೆ ಎಳೆಯಬೇಕು. ಗಾಯದ ಪಟ್ಟಿ ಕೀಳುವಾಗ ಯಾರೂ ಉದ್ದಕ್ಕೆ ಎಳೆಯುವುದಿಲ್ಲ ತಾನೇ?

ಆ ವಾರ ಬೆಂಗಳೂರಿನ ಬಿಸಿಲು 38 ಡಿಗ್ರಿ ಮುಟ್ಟಿತ್ತು, ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಸಿಗುತ್ತಿರಲಿಲ್ಲ. ಪಂಕ್ಚರ್ ಸಲ್ಯೂಷನ್ನಿನ ಬಾಟಲಿ ಕಟ್ಟುತ್ತಿದ್ದಂತೆಯೇ ಬಿತ್ತು. ದಿಢೀರ್ ಅಂಟು ಮೊದಲಿಗೆ ಭೀಮಬಲ, ಪಟ್ಟಿಯನ್ನು ಒಮ್ಮೆ ಬಗ್ಗಿಸಿದರೆ ಚಟ್ ಅಂತ ಬಿರುಕು. ಅದು ಒಣಗಿದ ಮೇಲೆ ಗಾಜಿನ ಹಾಗೆ, ದೋಣಿಯೋ ಉಸಿರಾಡಿದ ಹಾಗೆ ಉಬ್ಬಿ ತಗ್ಗುವ ವಸ್ತು. ಪೈಪಿನ ಸಿಮೆಂಟ್ ನನ್ನನ್ನು ಸ್ವಲ್ಪ ಹೊತ್ತು ಮೋಸ ಮಾಡಿತು. ಪಿವಿಸಿಯನ್ನು ಕರಗಿಸಿಯೇ ಕೂಡಿಸುವುದರಿಂದ ಚೆನ್ನಾಗಿ ಹಿಡಿಯಿತು. ಆದರೆ ಅಂಟಿದ ಜಾಗ ಸುಕ್ಕಾಗಿ, ಹಪ್ಪಳದಷ್ಟು ಗಡಸಾಗಿ, ಮಡಿಚಿದಾಗ ಅದರ ಅಂಚಿನಲ್ಲೇ ಬಟ್ಟೆಯ ಲೇಪ ಸೀಳಿತು. ಸನ್ಮೈಕಾ ಅಂಟಿನ ಬಾಟಲಿ ಬೆಳಿಗ್ಗೆ ಜಗ್ಗಲಿಲ್ಲ, ಮಧ್ಯಾಹ್ನ ಎರಡು ಗಂಟೆಗೆ ಹೋಗಿ ನೋಡಿದರೆ ನೆಲದ ಮೇಲಿತ್ತು. ಹಾರ್ಡನರ್ ಇಲ್ಲದ ಪಿಯು ಸಂಜೆಯ ಹೊತ್ತಿಗೆ ಅರ್ಧ ಇಂಚು ಸುಲಿದಿತ್ತು. ಹಾರ್ಡನರ್ ಬೆರೆಸಿದ್ದು ಅಲ್ಲಾಡಲಿಲ್ಲ. ಎರಡು ದಿನ ಬಿಟ್ಟು ಇಕ್ಕಳದಲ್ಲಿ ಹಿಡಿದು ಕಿತ್ತರೆ ಅಂಟು ಬಿಡಲಿಲ್ಲ, ಬಟ್ಟೆಯ ಪಿವಿಸಿ ಲೇಪವೇ ನೇಯ್ಗೆಯಿಂದ ಕಳಚಿಕೊಂಡು ಬಂತು. ಅದಕ್ಕಿಂತ ಜಾಸ್ತಿ ಯಾವ ಅಂಟಿನಿಂದಲೂ ಕೇಳುವ ಹಾಗಿಲ್ಲ.

ಸಿಲಿಕಾನ್ ಸೀಲೆಂಟ್ ಬಗ್ಗೆ ಕೆಲವರು ಹೇಳುತ್ತಾರೆ. ದಯವಿಟ್ಟು ಬೇಡ. ಅದು ಸರಿಯಾಗಿ ಹಿಡಿಯುವುದೂ ಇಲ್ಲ, ಒಮ್ಮೆ ಬಳಿದ ಜಾಗದಲ್ಲಿ ಆಮೇಲೆ ಬೇರೆ ಯಾವ ಅಂಟೂ ಕೂರುವುದಿಲ್ಲ. ನೀರಿನ ಟ್ಯಾಂಕಿಗೆ ಮೆತ್ತುವ ಎಪಾಕ್ಸಿ ಉಂಡೆಯೂ ಬೇಡ, ಅದು ಕಲ್ಲು. ಇನ್ನು ಮಕ್ಕಳು ಆಡುವ ಈಜುಕೊಳ, ತೆಳು ಟ್ಯೂಬ್‌ಗಳಲ್ಲಿ ನಡುವೆ ನೇಯ್ಗೆ ಇರುವುದಿಲ್ಲ, ಬರಿ ಪಿವಿಸಿ ಹಾಳೆ. ಅದಕ್ಕೆ ವಿನೈಲ್ ಅಂಟು ಅಂತ ಸಿಗುವ ಸಣ್ಣ ಟ್ಯೂಬು ಸಾಕು, ಇಷ್ಟೆಲ್ಲ ರಾದ್ಧಾಂತ ಬೇಕಿಲ್ಲ.

ಅಂಟು ಸಿಕ್ಕಿತು, ಈಗ ಹವೆ ಕೈಕೊಟ್ಟಿತು. ಮೇ ಎರಡನೇ ವಾರದಿಂದ ಬೆಂಗಳೂರಿನಲ್ಲಿ ದಿನಾ ಸಂಜೆ ಗುಡುಗು ಮಳೆ. ಜನರಿಗೆಲ್ಲ ಖುಷಿ, ನನಗೆ ಸಂಕಟ. ಹಾರ್ಡನರ್‌ಗೆ ನೀರು ಕಂಡರೆ ಆಗುವುದಿಲ್ಲ, ಗಾಳಿಯ ತೇವದ ಜೊತೆಗೇ ಸೇರಿ ಗುಳ್ಳೆ ಏಳುತ್ತದೆ, ಅಂಟಿನ ಪಾಲಿಗೆ ಉಳಿಯುವುದು ಕಡಿಮೆ. ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗುವುದರಿಂದ ಥಂಡಿ ಹವೆಯಲ್ಲಿ ಅದರ ಮೇಲೆ ಕಣ್ಣಿಗೆ ಕಾಣದಷ್ಟು ಇಬ್ಬನಿಯೂ ಕೂರಬಹುದು. ಹಾಗಾಗಿ ಎರಡು ಶನಿವಾರ ಕಾದೆ. ಮಾವ ನಡುವೆ ಫೋನ್ ಮಾಡಿ, “ಒರಳು ಕಾಣ್ತಿದೆಯಂತೆ ಮಾರಾಯ, ತೆಪ್ಪದವ ಫೋಟೊ ತೆಗೆದು ತೋರಿಸಿದ” ಅಂದರು. ಬೇಗ ಬಾ ಅಂತ ಹೇಳಲಿಲ್ಲ. ಹೇಳಿದ್ದರೆ ವಾಸಿಯಿತ್ತು.

ಹದಿನೆಂಟನೇ ತಾರೀಖು ಬೆಳಿಗ್ಗೆ ಹತ್ತಕ್ಕೆ ಒಳ್ಳೆ ಬಿಸಿಲು ಬಂತು. ಕಿಟಕಿ ಬಾಗಿಲು ಎಲ್ಲ ತೆರೆದು, ಕೈಗವಸು ಹಾಕಿ ಕೂತೆ. ಈ ಹಾರ್ಡನರ್ ಉಸಿರಿಗೆ ಒಳ್ಳೆಯದಲ್ಲ, ಉಬ್ಬಸ ಇರುವವರು ಹತ್ತಿರವೂ ಬರಬಾರದು. ಅಂಟಿನ ದ್ರಾವಕಕ್ಕೆ ಬೆಂಕಿ ಬೇಗ ಹತ್ತುತ್ತದೆ. ಗ್ಯಾಸ್ ಒಲೆ ಆರಿಸಿ ಅಂದರೆ, ಹೆಂಡತಿ “ಹಾಗಾದರೆ ಮಧ್ಯಾಹ್ನ ಊಟ ಹೊರಗಿಂದ ತರ್ಸು” ಅಂದಳು. ಆ ನಾನೂರು ರೂಪಾಯಿಯನ್ನು ನಾನು ಅಂಟಿನ ಲೆಕ್ಕಕ್ಕೆ ಸೇರಿಸಿಲ್ಲ.

ಮೊದಲು ಸೈಕಲ್ ಅಂಗಡಿಯ ಹಳೇ ಸಲ್ಯೂಷನ್ ಉಜ್ಜಿ ತೆಗೆಯಲು ಒಂದು ಗಂಟೆ ಹೋಯಿತು. ತಪ್ಪು ಅಂಟಿನ ನಿಜವಾದ ಬೆಲೆ ಆ ಒಂದು ಗಂಟೆ. ತೇಪೆಯನ್ನು ಚೌಕ ಕತ್ತರಿಸಬಾರದು, ಮೂಲೆಗಳು ಮೊದಲು ಏಳುತ್ತವೆ. ಊಟದ ತಟ್ಟೆಗಿಂತ ಚಿಕ್ಕದಾದ, ಹರಕಿನ ಸುತ್ತ ಎಲ್ಲ ಕಡೆ ಐದು ಸೆಂಟಿಮೀಟರ್ ಸಿಗುವ ಹಾಗೆ ದುಂಡಗೆ ಕತ್ತರಿಸಿದೆ. ಎರಡೂ ಮೇಲ್ಮೈಯನ್ನು ಅಸಿಟೋನ್ ಬಟ್ಟೆಯಲ್ಲಿ ಒಮ್ಮೆ ಒರೆಸಿದೆ, ಮೇಲೆ ಬಂದ ಆ ಎಣ್ಣೆ ಹೋಗಲಿ ಅಂತ. ಜಾಸ್ತಿ ತಿಕ್ಕಿದರೆ ಬಟ್ಟೆಯೇ ಕರಗುತ್ತದೆ. ಉಗುರು ಬಣ್ಣ ತೆಗೆಯುವ ದ್ರವದಲ್ಲೂ ಅಸಿಟೋನ್ ಇರುತ್ತದೆ, ಆದರೆ ಅದರಲ್ಲಿ ಕೈ ಮೆತ್ತಗಿರಲಿ ಅಂತ ಎಣ್ಣೆ ಬೆರೆಸಿರುತ್ತಾರೆ. ಅದು ಕೆಲಸಕ್ಕೆ ಬಾರದು.

ಅಂಟಿಗೆ ನೂರಕ್ಕೆ ಐದು ಪಾಲು ಹಾರ್ಡನರ್ ಅಂತ ಡಬ್ಬಿಯ ಮೇಲಿತ್ತು. ಕಣ್ಣಂದಾಜು ಬೇಡ ಅಂತ ಔಷಧಿಯ ಸಿರಿಂಜಿನಲ್ಲಿ ಅಳೆದೆ. ಎರಡೂ ಕಡೆ ತೆಳ್ಳಗೆ ಒಂದು ಕೋಟ್, ಇಪ್ಪತ್ತು ನಿಮಿಷ ಬಿಟ್ಟು ಮತ್ತೊಂದು ತೆಳ್ಳಗೆ. ದಪ್ಪ ಬಳಿದರೆ ಗಟ್ಟಿ ಅಂತ ಅನಿಸುವುದು ಸಹಜ, ಆದರೆ ದಪ್ಪ ಪದರದೊಳಗೆ ದ್ರಾವಕ ಸಿಕ್ಕಿಬಿದ್ದು ತೇಪೆ ಎಂದೂ ಒಣಗುವುದಿಲ್ಲ. ಎರಡನೇ ಕೋಟ್ ಬೆರಳಿಗೆ ತಾಗದಷ್ಟು ಆರಿದ ಮೇಲೆ, ಹೇರ್ ಡ್ರೈಯರಿನಿಂದ ಎರಡೂ ಬದಿಗೆ ಬಿಸಿ ಗಾಳಿ ಕೊಟ್ಟು ಅಂಟನ್ನು ಎಬ್ಬಿಸಬೇಕು. ಆಮೇಲೆ ಒಂದೇ ಸಲ, ಗುರಿ ತಪ್ಪದೆ ಇಡಬೇಕು. ಇಟ್ಟ ಮೇಲೆ ಸರಿಸುವ ಮಾತಿಲ್ಲ. ಲಟ್ಟಣಿಗೆಯಿಂದ ನಡುವಿನಿಂದ ಅಂಚಿನ ಕಡೆಗೆ ಒತ್ತಿ ಒತ್ತಿ ಉಜ್ಜಿದೆ, ಅಂಚನ್ನು ಚಮಚದ ಬೆನ್ನಿನಿಂದ ತಿಕ್ಕಿದೆ. ಕೊನೆಗೆ ಶಾಶ್ವತ ಮಸಿಯ ಪೆನ್ನಿನಿಂದ ತೇಪೆಯ ಅಂಚಿಗೆ ಸರಿಯಾಗಿ ದೋಣಿಯ ಮೇಲೆ ಸುತ್ತಲೂ ಒಂದು ಗೆರೆ ಎಳೆದೆ. ತೇಪೆ ಕೂದಲೆಳೆಯಷ್ಟು ಜಾರಿದರೂ ಗೊತ್ತಾಗಲಿ ಅಂತ.

ಮೂರು ದಿನ ಮುಟ್ಟಲಿಲ್ಲ. ಇದೇ ಕಷ್ಟದ ಭಾಗ. ನಾಲ್ಕನೇ ದಿನ ಗಾಳಿ ತುಂಬಿ ಸೋಪಿನ ನೀರು ಬಳಿದೆ. ತೇಪೆಯ ಸುತ್ತ ಒಂದು ಗುಳ್ಳೆಯೂ ಇಲ್ಲ. ಆದರೆ ವಾಲ್ವಿನ ಬುಡದಲ್ಲಿ ಸಣ್ಣ ಗುಳ್ಳೆಗಳು! ಅದನ್ನು ಬಿಗಿ ಮಾಡಿದರೆ ಮುಗಿಯಿತು, ಅಂಟು ಬೇಡ. ಎಷ್ಟೋ ಜನ ವಾಲ್ವ್ ಸಡಿಲಾದದ್ದಕ್ಕೆ ಬಟ್ಟೆಯಲ್ಲಿ ತೂತು ಹುಡುಕುತ್ತಾ ಕೂರುತ್ತಾರಂತೆ.

ಮೇ 25, ನಾಲ್ಕನೇ ಶನಿವಾರ. ಬೆಳಿಗ್ಗೆ ಸಾಗರದಲ್ಲಿ ಇಳಿದಾಗ ಮೋಡ ಕಟ್ಟಿತ್ತು. ಅವತ್ತೇ ನೀರಿಗೆ ಇಳಿಯಲಿಲ್ಲ. ಸಂಜೆ ಜಗಲಿಯಲ್ಲಿ ಎರಡೂವರೆ ಪಿಎಸ್‌ಐ ಗಾಳಿ ತುಂಬಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಆರಕ್ಕೆ ನೋಡಿದರೆ ಎರಡರ ಹತ್ತಿರಕ್ಕೆ ಇಳಿದಿತ್ತು. ಎದೆ ಧಸಕ್ಕೆಂದಿತು. ಒಂದು ನಿಮಿಷ ಕೂತು ಲೆಕ್ಕ ಹಾಕಿದೆ. ತುಂಬಿದಾಗ ಸುಮಾರು ಮೂವತ್ತು ಡಿಗ್ರಿ, ಈಗ ಇಪ್ಪತ್ತೆರಡು. ಗಾಳಿ ತಣ್ಣಗಾದರೆ ಒತ್ತಡ ಇಳಿಯಲೇಬೇಕು, ಆ ವ್ಯತ್ಯಾಸಕ್ಕೆ ಬರುವ ಲೆಕ್ಕವೂ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಒಂಬತ್ತು ಗಂಟೆಗೆ ಬಿಸಿಲು ಬಂದ ಮೇಲೆ ಮುಳ್ಳು ತಾನಾಗಿ ಮೇಲೆ ಬಂತು. ಇದನ್ನೇ ತಿರುಗಿಸಿ ಹಾಕಿದರೆ ಇನ್ನೂ ಮುಖ್ಯ: ಬೆಳಿಗ್ಗೆಯ ತಂಪಲ್ಲಿ ಗಟ್ಟಿಯಾಗಿ ತುಂಬಿ, ದೋಣಿಯನ್ನು ದಡದ ಬಿಸಿಲಲ್ಲಿ ಬಿಟ್ಟು ತಿಂಡಿಗೆ ಹೋದರೆ, ಒಳಗಿನ ಗಾಳಿ ಇಪ್ಪತ್ತು ಡಿಗ್ರಿ ಕಾದರೂ ಎರಡೂವರೆ ಇದ್ದದ್ದು ಮೂರೂವರೆ ಮುಟ್ಟುತ್ತದೆ. ಒಳ್ಳೆಯ ತೇಪೆಯೂ ಅಲ್ಲೇ ಏಳುತ್ತದೆ.

ತೆಪ್ಪದ ಅಣ್ಣ ಜೊತೆಗೆ ಬರಲು ಒಪ್ಪಿದ್ದರು. ಅವರ ತೆಪ್ಪ ಬಿದಿರಿನದು, ಹೊರಗೆ ಗೊಬ್ಬರದ ಚೀಲದ ಹೊದಿಕೆ, ಅದರ ಮೇಲೆ ಡಾಂಬರು. ಹಿಂದೆ ಚರ್ಮ ಹೊದಿಸುತ್ತಿದ್ದರಂತೆ. ನನ್ನ ತೇಪೆಯ ಕಥೆ ಎಲ್ಲ ಕೇಳಿ, “ನಮ್ದು ತೂತಾದ್ರೆ ಒಂಚೂರು ಡಾಂಬರು ಕಾಯ್ಸಿ ಮೆತ್ತದು, ಸಂಜೆಗೆ ಮತ್ತೆ ನೀರಿಗೆ” ಅಂದರು. ಅದು ಸರಿಯೇ. ತೆಪ್ಪ ನೀರನ್ನು ಹೊರಗಿಟ್ಟರೆ ಸಾಕು, ಒಳಗಿಂದ ಅದನ್ನು ತಳ್ಳುವುದು ಏನೂ ಇಲ್ಲ. ನನ್ನ ದೋಣಿ ಗಾಳಿಯನ್ನು ಒಳಗೆ ಹಿಡಿದಿಡಬೇಕು, ಆ ಗಾಳಿ ತೇಪೆಯನ್ನು ಹಗಲೂ ರಾತ್ರಿ ಹೊರಗೆ ತಳ್ಳುತ್ತಲೇ ಇರುತ್ತದೆ.

ಮಾವ ಅದೇ ಬಿಳಿ ಅಂಗಿ ಹಾಕಿದ್ದರು. ಇಬ್ಬರು ಹಿಡಿದು ಕೂರಿಸಿದೆವು. ಹತ್ತು ನಿಮಿಷದ ದಾರಿ. ಈ ಸಲ ತೆಪ್ಪ ಮುಂದೆ, ನಾವು ಅದರ ಹಿಂದೆ, ಬೊಡ್ಡೆಗಳನ್ನು ತಪ್ಪಿಸಿಕೊಂಡು. ನಾನು ಹುಟ್ಟು ಹಾಕುವುದಕ್ಕಿಂತ ಹೆಚ್ಚು ಆ ಪೆನ್ನಿನ ಗೆರೆಯನ್ನೇ ನೋಡುತ್ತಿದ್ದೆ. ಮಾವ ಎರಡೂ ಕೈಯನ್ನು ದೋಣಿಯ ಬದಿಗಳ ಮೇಲಿಟ್ಟು, ನೀರನ್ನಲ್ಲ, ನೀರಿನ ಕೆಳಗಿದ್ದದ್ದನ್ನು ಹೇಳುತ್ತಾ ಬಂದರು. ಇಲ್ಲಿ ಗದ್ದೆ. ಇಲ್ಲಿ ತೋಟದ ಬೇಲಿ. ಇದು ಶಾಲೆಗೆ ಹೋಗುವ ಇಳಿಜಾರು, ಮಳೆಗಾಲದಲ್ಲಿ ಜಾರಿ ಬೀಳ್ತಿದ್ವಿ. ನನ್ನ ಕಣ್ಣಿಗೆ ಎಲ್ಲ ಕಡೆ ಒಂದೇ ಬಣ್ಣದ ನೀರು.

ದಿಬ್ಬದ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಗೋಡೆಯ ಬುಡ ಇತ್ತು, ಮಂಡಿಯೆತ್ತರಕ್ಕೂ ಕಡಿಮೆ. ಅದರೊಳಗೆ ನಡೆದು ಮಾವ ಎರಡು ಸಲ ದಿಕ್ಕು ತಪ್ಪಿದರು, ಆಮೇಲೆ ಸೂರ್ಯನನ್ನು ನೋಡಿ ಅಡಿಗೆಮನೆ ಎಲ್ಲಿ ಅಂತ ಹೇಳಿದರು. ಒರಳು ಅರ್ಧ ಮಣ್ಣಲ್ಲಿ ಹೂತಿತ್ತು, ಗುಂಡಿಯ ತುಂಬ ಒಣ ಕೆಸರು. ಮಾವ ಕೂರಲಾರರು, ನಿಂತೇ ಕೋಲಿನಿಂದ ಕೆಸರನ್ನು ಕೆದಕಿದರು. ನಾನು ಬಾಟಲಿಯ ನೀರು ಹಾಕಿ ತೊಳೆದೆ. ಒಳಗೆ ಕಲ್ಲು ನುಣ್ಣಗಿತ್ತು, ರುಬ್ಬಿ ರುಬ್ಬಿ ಸವೆದ ನುಣುಪು.

“ಬೋಟಲ್ಲಿ ತಗಂಡು ಹೋಗ್ಲಿಕ್ಕೆ ಬರ್ತದಾ?” ಕೇಳಿದರು.

ನನ್ನ ದೋಣಿ ಹೊರುವುದು ನೂರ ಅರವತ್ತು ಕೆಜಿ. ಮಾವ, ನಾನು, ಹುಟ್ಟು ಸೇರಿ ನೂರ ನಲವತ್ತು ಆಗಿತ್ತು. ಒರಳನ್ನು ಅಗೆದು ಎತ್ತಿದರೂ ಆಗುವುದಿಲ್ಲ, ಅದರ ಕಲ್ಲಿನ ಅಂಚಿಗೆ ನನ್ನ ಬಟ್ಟೆ ತಾಳುವುದೂ ಇಲ್ಲ. ಹೇಳಿದೆ. ಸರಿ ಬಿಡು ಅಂದರು. ವಾಪಸು ಬರುವಾಗ ಮಾತಾಡಲಿಲ್ಲ. ದಡಕ್ಕೆ ಬಂದು ಇಳಿದ ಮೇಲೆ ಬಗ್ಗಿ ತೇಪೆಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ, “ಇದಕ್ಕೆ ಎಷ್ಟಾಯ್ತು?” ಅಂದರು. ಅಂಟು, ಹಾರ್ಡನರ್, ಅಸಿಟೋನ್, ಕೈಗವಸು, ಸಿರಿಂಜು ಸೇರಿ ಮುನ್ನೂರ ನಲವತ್ತು ಅಂದೆ. “ನನ್ನ ಚಪ್ಪಲಿಯ ಅಟ್ಟೆಯೂ ಬಿಟ್ಟಿದೆ” ಅಂದರು.

ಅಂಟಿನ ಡಬ್ಬಿಯನ್ನು ರೈಲಿನಲ್ಲಿ ತರುವ ಹಾಗಿಲ್ಲವಲ್ಲ, ಚಪ್ಪಲಿಯನ್ನೇ ಬೆಂಗಳೂರಿಗೆ ತಂದೆ. ಹಾರ್ಡನರ್ ಸೀಸೆ ತೆರೆದರೆ ಅಂಗಡಿಯವರು ಹೇಳಿದ ಹಾಗೇ ಕಲ್ಲಾಗಿತ್ತು, ಇನ್ನೊಂದು ಎಂಬತ್ತು ರೂಪಾಯಿ. ಜೂನ್‌ನಲ್ಲಿ ಮಳೆ ಹಿಡಿಯಿತು. ಆ ವರ್ಷ ಲಿಂಗನಮಕ್ಕಿ ಆಗಸ್ಟ್ ಹೊತ್ತಿಗೆ ತುಂಬಿತು. ದೋಣಿ ಈಗ ಮಂಚದ ಕೆಳಗಿದೆ. ಮೊನ್ನೆ ಗಾಳಿ ತುಂಬಿ ನೋಡಿದೆ, ತೇಪೆಯ ಅಂಚೂ ಪೆನ್ನಿನ ಗೆರೆಯೂ ಒಂದಕ್ಕೊಂದು ತಾಗಿಕೊಂಡೇ ಇವೆ.